ಹುಣಸೆಬೀಜದ ಗಂಜಿ ಕುಡಿದ ಸೀಟು

ಮದುವೆಯಾದ ಮೇಲೆ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರಬೇಕು ಎಂಬ ಮೂಢನಂಬಿಕೆ ನಮ್ಮ ಕಡೆ ಬಹಳ ಹಿಂದಿನಿಂದ ಇತ್ತು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಶಿಕ್ಷಣ ಇಲಾಖೆಯವರು ಕನಿಷ್ಠ ನಮ್ಮಿಬ್ಬರನ್ನಾದರೂ ಅದರಿಂದ ಬಿಡುಗಡೆ ಮಾಡಿದ್ದರು. ನಾನು ರಾಯಚೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ನನ್ನ ಗಂಡ ದೇವದುರ್ಗದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಅವರು ಬರುವುದು, ಸೋಮವಾರ ನಸುಕಿನ ಬಸ್ಸಿಗೆ ಹೋಗುವುದು. ನಡುವಿನ ಒಂದು ಭಾನುವಾರದಲ್ಲಿ ನಾವು ಸಂಸಾರ ಮಾಡಬೇಕು, ಜಗಳಾಡಬೇಕು, ರಾಜಿಯಾಗಬೇಕು, ಗಿರಣಿಗೆ ಹೋಗಿ ಜೋಳದ ಹಿಟ್ಟನ್ನೂ ಹಾಕಿಸಿಕೊಂಡು ಬರಬೇಕು.

ಸೋಮವಾರ ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು, ಪುಂಡಿಪಲ್ಲೆ, ಶೇಂಗಾ ಚಟ್ನಿ ಇಟ್ಟು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಕೊಡುತ್ತಿದ್ದೆ. ಬಸ್ಸಿನಲ್ಲಿ ಬಿಚ್ಚಿ ಚೆಲ್ಲಬಾರದೆಂದು ಗಂಟು ಬಿಗಿಯಾಗಿ ಹಾಕುತ್ತಿದ್ದೆ. ಮುಂದಿನ ಶನಿವಾರ ಬಂದ ಕೂಡಲೇ ಅವರದು ಅದೇ ದೂರು.

"ಏನ್ ಗಂಟು ಹಾಕ್ತಿಯೇ ಮಾರಾಯ್ತಿ! ಹಲ್ಲಿಲೆ ಕಚ್ಚಿ ಬಿಚ್ಚಬೇಕು. ಬಿಚ್ಚಾಕ ನೀನ ಬರಬೇಕು ನೋಡು."

"ಬರ್ತಿದ್ದೆ, ನಿಮ್ಮ ಸಾಹೇಬ್ರು ಬಿಟ್ರ" ಎನ್ನುತ್ತಿದ್ದೆ.

ವರ್ಗಾವಣೆಗಾಗಿ ನಾಲ್ಕು ವರ್ಷ ಸಾಹೇಬರ ಕಚೇರಿಗೆ ಅಲೆದಿದ್ದೆವು. ಜಿಲ್ಲೆಯ ಶಾಲೆಗಳೆಲ್ಲ ಅವರ ಕೈಯಲ್ಲಿ. ದಯಾವಂತ ಮನುಷ್ಯ, ಯಾರಿಗೂ ಇಲ್ಲ ಅಂದವರಲ್ಲ. ಹೋದಾಗಲೆಲ್ಲ "ನೋಡೋಣ" ಅನ್ನುವರು. ಆ ನೋಡೋಣದ ಮೇಲೆ ನಾವು ಇನ್ನಾರು ತಿಂಗಳು ಬದುಕುವುದು. ಹೀಗಿರುವಾಗ ಸಾಹೇಬರು ಹೈದರಾಬಾದಿಗೆ ಹೋಗಿ ಸರ್ಕಸ್ ನೋಡಿ ಬಂದರು. ಅಲ್ಲಿ ಒಬ್ಬ ಹುಡುಗಿ ಒಂದೇ ಗಾಲಿಯ ಸೈಕಲ್ ಮೇಲೆ ಕೂತು ಗಿರಗಿರ ತಿರುಗಿದಳಂತೆ. ಸಾಹೇಬರ ಮನಸ್ಸಿಗೆ ಆನೆ ಹಿಡಿಸಲಿಲ್ಲ, ಸಿಂಹ ಹಿಡಿಸಲಿಲ್ಲ, ಆ ಸೈಕಲ್ಲೇ ಹಿಡಿಸಿತು. ಸಿಂಹ ಹಿಡಿಸಿದ್ದರೆ ನನ್ನ ಗತಿ ಏನಾಗುತ್ತಿತ್ತೋ, ಅದಕ್ಕಾದರೂ ದೇವರಿಗೆ ಕೈಮುಗಿಯಬೇಕು.

ಆ ಶನಿವಾರ ನನ್ನ ಗಂಡ ಕುಣಿಯುತ್ತಲೇ ಒಳಗೆ ಬಂದರು.

"ಈ ಸಲದ ಕ್ರೀಡಾಕೂಟದಾಗ ಒಂದ್ ಗಾಲಿ ಸೈಕಲ್ ಹೊಡದು ಮೈದಾನ ಒಂದ್ ಸುತ್ತು ಹಾಕಿ ತೋರ್ಸಿದ್ರ ರಾಯಚೂರಿಗೆ ಬದ್ಲಿ ಮಾಡ್ತೀನಿ ಅಂದಾರ ಸಾಹೇಬ್ರು!"

"ಎರಡ್ ಗಾಲಿದ ನೆಟ್ಟಗ ಹೊಡ್ಯಾಕ ಬರೂದಿಲ್ಲ ನಿಮಗ. ಹೋದ ವರ್ಷ ಎಮ್ಮಿಗಿ ಗುದ್ದಿ ಬಂದ್ರಿ."

"ಅದು ಎಮ್ಮಿದ ತಪ್ಪು" ಎಂದರು.

ಬೈದೆ ನಿಜ, ಆದರೆ ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ನನಗೂ ಆಸೆ ಹುಟ್ಟಿಬಿಟ್ಟಿತ್ತು. ಒಂದು ಸುತ್ತು, ಒಂದೇ ಸುತ್ತು ಹಾಕಿದರೆ ಸೋಮವಾರದ ಆ ಹಾಳು ಬಸ್ಸು ನಮ್ಮನ್ನು ಬಿಟ್ಟು ಹೋಗುತ್ತದೆ. ಎಂಥ ಹುಚ್ಚು ಮಾತಾದರೂ ಅದೊಂದೇ ನಮ್ಮ ಕೈಗೆ ಸಿಕ್ಕ ದಾರಿಯಾಗಿತ್ತು.

ಮಾನ್ವಿಯ ಬಾಡಿಗೆ ಸೈಕಲ್ ಅಂಗಡಿಯವನೊಬ್ಬ ಮುರಿದ ಸೈಕಲ್ಲಿನ ಹಿಂಭಾಗ ಕತ್ತರಿಸಿ ಎಸೆದು, ಉಳಿದ ಒಂದು ಗಾಲಿಯ ನಡುವಿಗೇ ಪೆಡಲು ಬೆಸುಗೆ ಹಾಕಿ, ಮೇಲೆ ಕೊಳವೆ ನಿಲ್ಲಿಸಿ, ಅದರ ತುದಿಗೆ ಹಳೆಯ ತೊಗಲಿನ ಸೀಟು ಕೂರಿಸಿ ಕೊಟ್ಟ. ಬಸ್ಸಿನ ಮೇಲೆ ಅದನ್ನು ಏರಿಸುವಾಗ ಕಂಡಕ್ಟರು "ಉಳಿದದ್ದೆಲ್ಲಿ ಅದರೀ ಮಾಸ್ತರ?" ಎಂದು ಕೇಳಿದನಂತೆ. ಸಿರವಾರದಲ್ಲಿ ಬಸ್ಸು ಬದಲಿಸುವಾಗ ಇನ್ನೊಬ್ಬನೂ ಅದನ್ನೇ ಕೇಳಿದನಂತೆ. ದೇವದುರ್ಗದಲ್ಲಂತೂ ಇಡೀ ಊರು ಕೇಳಿತಂತೆ.

ದಿನಾ ಬೆಳಿಗ್ಗೆ ಹೈಸ್ಕೂಲಿನ ಗೋಡೆ ಹಿಡಿದು ಕಲಿಯತೊಡಗಿದರು. ಮುಂದಿನ ಶನಿವಾರ ಬಸ್‌ಸ್ಟ್ಯಾಂಡಿನಿಂದ ಮನೆಗೆ ಅವರು ಎರಡೂ ಕಾಲು ಅಗಲಿಸಿ ನಡೆದು ಬಂದ ಚಂದ ನೋಡಿ ನಾನು ಬಾಗಿಲಿಗೇ ಓಡಿದೆ.

"ಏನಾತ್ರೀ? ಬಿದ್ರೇನು?"

"ಬಿದ್ದಿದ್ರ ಚೊಲೊ ಇತ್ತು. ಕುಂತೇನಿ. ಕುಂತ ಹಿಂಗ ಆಗೇದ. ಬಸ್ಸಿನಾಗ ಸೀಟು ಖಾಲಿ ಇತ್ತು, ನಿಂತ ಬಂದೆ."

ಮಾಮೂಲಿ ಸೈಕಲ್ಲಾದರೆ ಹ್ಯಾಂಡಲ್ ಮೇಲೆ ಒಂದಿಷ್ಟು ಭಾರ ಹಾಕಬಹುದು. ಇಲ್ಲಿ ಹಿಡಿಯಲು ಗಾಳಿ ಬಿಟ್ಟರೆ ಏನೂ ಇಲ್ಲ. ಇಡೀ ಮನುಷ್ಯನ ಭಾರವೆಲ್ಲ ಆ ಅಂಗೈಯಗಲದ ಸೀಟಿನ ಮೇಲೆ. ಹೊಸಬರಾದರೆ ಹೆದರಿಕೆಗೆ ತೊಡೆ ಬಿಗಿಹಿಡಿದು ಒತ್ತಿ ಕೂರುತ್ತಾರೆ, ಸೀಟಿನ ಮೂತಿ ಎಲ್ಲಿ ತಾಗಬಾರದೋ ಅಲ್ಲೇ ತಾಗುತ್ತದೆ. ಇದನ್ನೆಲ್ಲ ನನಗೆ ವಿವರಿಸಿ ಹೇಳಿದವರು ಬೋರಲು ಮಲಗಿದ್ದ ನನ್ನ ಗಂಡ. ಕೊಬ್ಬರಿಎಣ್ಣೆ ಹಚ್ಚುತ್ತ ನಾನು ಕೇಳಿಸಿಕೊಂಡೆ. ಇಲಾಖೆಯ ಕೆಲಸಕ್ಕೆ ಸಿಬ್ಬಂದಿ ಮೈ ಬಗ್ಗಿಸುವುದಿಲ್ಲ ಅನ್ನುವವರು ಆ ದಿನ ನಮ್ಮ ಮನೆಗೆ ಬರಬೇಕಿತ್ತು.

ಸೀಟು ಮೆತ್ತಗೆ ಮಾಡದೆ ಗತಿಯಿರಲಿಲ್ಲ. ಮದುವೆಯಲ್ಲಿ ಕೊಟ್ಟ ಜೋಡಿ ದಿಂಬುಗಳಲ್ಲಿ ಒಂದು ಹೇಗೂ ವಾರವೆಲ್ಲ ಕೆಲಸವಿಲ್ಲದೆ ಬಿದ್ದಿರುತ್ತಿತ್ತು. ಅದನ್ನು ಹರಿದು, ಹತ್ತಿ ತುಂಬಿ, ಸೀಟಿಗೊಂದು ಗಾದಿ ಹೊಲಿದೆ. ಎರಡು ದಿನ ಕೂತ ಮೇಲೆ ಹತ್ತಿಯೆಲ್ಲ ಎರಡೂ ಬದಿಗೆ ಸರಿದು ನಡುವೆ ಬರೀ ಬಟ್ಟೆ ಉಳಿಯಿತು. ಆಮೇಲೆ ಯಾರೋ ಮಹಾನುಭಾವರು ಸೈಕಲ್ ಟ್ಯೂಬು ಸುತ್ತಿ ಗಾಳಿ ಹೊಡೆಯಿರಿ ಎಂದರು. ಗಾಳಿ ಹೊಡೆದೆವು. ನಮ್ಮ ಅಂಗಳದಲ್ಲಿ ಕೂತು ಪರೀಕ್ಷೆ ಮಾಡುವಾಗ ಅದು ಢಮ್ ಎಂದು ಒಡೆಯಿತು. ಮನೆ ಮಾಲಕಿ ಮುದುಕಿ ಹೊರಗೆ ಓಡಿ ಬಂದು ನನ್ನ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನ್ ಒಡದದಪ್ಪಾ ನಿಂದು?"

ಅವರು ಸೈಕಲ್ ಅಲ್ಲೇ ಬಿಟ್ಟು ಒಳಗೆ ಹೋದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಕೊನೆಗೆ ಕುರ್ಡಿಗೆ ಹೋದೆವು. ನನ್ನ ತವರು ಅಲ್ಲಿ. ಅಪ್ಪ ಕಂಬಳಿ ನೇಯುವವನು. ಕುರಿ ಸಾಕುವ ಮನೆತನ ನಮ್ಮದು, ಉಣ್ಣೆಯ ವಿಷಯದಲ್ಲಿ ಅಪ್ಪನಿಗೆ ಭೂಮಿಯ ಮೇಲೆ ಯಾರೂ ಸಮವಿಲ್ಲ ಎಂದು ಅಪ್ಪನೇ ಹೇಳುತ್ತಿದ್ದ. ಸೈಕಲ್ಲಿನ ಸುತ್ತ ತಿರುಗಿ ನೋಡಿದ. ಆಮೇಲೆ ಅಂಗಳದಲ್ಲಿ ಹಸಿ ಮಣ್ಣಿನ ಗುಡ್ಡೆ ಮಾಡಿ, "ಬರ್ರಿ ಮಾಸ್ತರ, ಇದರ ಮ್ಯಾಲ ಕುಂದ್ರಿ. ಅಚ್ಚು ಬೀಳಲಿ" ಎಂದ. ಹೈಸ್ಕೂಲಿನ ಡ್ರಿಲ್ ಮಾಸ್ತರು ಮಾವನ ಅಂಗಳದಲ್ಲಿ ಕೆಸರಿನ ಮೇಲೆ ಕೂತದ್ದನ್ನು ನೋಡಲು ಓಣಿಯ ಹೆಂಗಸರೆಲ್ಲ ಸೇರಿದರು. ನೋಡಿ ಹೋಗಿ ಮತ್ತೊಬ್ಬರನ್ನು ಕರೆತಂದರು.

ಆ ಅಚ್ಚು ನೋಡಿಕೊಂಡು ಅಪ್ಪ ಕರೀ ಕಂಬಳಿಯ ಪದರಗಳನ್ನು ಜೋಡಿಸಿ ದಬ್ಬಣದಿಂದ ಹೊಲಿದ. ಮುಂದೆ ಹಿಂದೆ ಎತ್ತರ, ನಡುವೆ ತಗ್ಗು, ತಗ್ಗಿನ ನಡುವೆ ಉದ್ದಕ್ಕೊಂದು ಸೀಳು. ನನ್ನ ಗಂಡ ಕೂತರು. ಮುಖ ಅರಳಿತು. ಆ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ನಿಂದ್ರಿ, ಇನ್ನ ಗಂಜಿ ಕುಡಸಬೇಕು" ಎಂದ ಅಪ್ಪ.

ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿದರೆ ಗೋಂದಿನಂಥ ಗಂಜಿಯಾಗುತ್ತದೆ. ನೇಯ್ದ ಕಂಬಳಿಗೆ ಅದನ್ನು ಬಳಿದು ಬಿಸಿಲಿಗೆ ಒಣಗಿಸಿದರೆ ಕಂಬಳಿ ಬಿರುಸಾಗಿ ನಿಲ್ಲುತ್ತದೆ. ಗಂಜಿ ಕುಡಿಯದ ಕಂಬಳಿಯನ್ನು ಅಪ್ಪ ಎಂದೂ ಮನೆಯ ಹೊಸ್ತಿಲು ದಾಟಿಸಿದವನಲ್ಲ.

"ಬ್ಯಾಡಪ್ಪಾ. ಮೆತ್ತಗಾಗಲಿ ಅಂತ ಇಲ್ಲೀತನ ಬಂದೀವಿ. ಗಂಜಿ ಹಚ್ಚಿದ್ರ ಮತ್ತ ಹಲಗಿ ಆಗ್ತದ."

"ಗಂಜಿ ಇಲ್ಲದ್ದು ಕಂಬಳಿ ಅಲ್ಲವ್ವಾ ತಂಗಿ."

"ಇದು ಕಂಬಳಿ ಅಲ್ಲಪ್ಪಾ, ಸೀಟು!"

ಅಪ್ಪ ದಬ್ಬಣ ಎತ್ತಿಟ್ಟ. ಒಪ್ಪಿದ ಎಂದುಕೊಂಡೆ. ನಮ್ಮಪ್ಪ ಯಾವುದನ್ನಾದರೂ ಒಪ್ಪಿದ್ದುಂಟೇ ಎಂದು ಆಗಲೇ ಯೋಚಿಸಬೇಕಿತ್ತು.

ಆ ಸೀಟಿನ ಮೇಲೆ ನನ್ನ ಗಂಡ ನಿಜಕ್ಕೂ ಕಲಿತರು. ದೀಪಾವಳಿ ಮುಗಿಯುವಷ್ಟರಲ್ಲಿ ಗೋಡೆ ಬಿಟ್ಟರು. ಏರುವುದು ಮಾತ್ರ ಬರಲಿಲ್ಲ. ಕಂಬವನ್ನೋ ಗೋಡೆಯನ್ನೋ ತಬ್ಬಿ ಏರಬೇಕು, ಏರಿದರೆ ಮುಗಿಯಿತು, ಸರಿಯಾಗಿ ಹೋಗುತ್ತಿದ್ದರು. ಸಾಕಾದಾಗ ಸೀಟನ್ನು ಹಿಂದಕ್ಕೆ ಬಿಟ್ಟು ಮುಂದಕ್ಕೆ ಹಾರಿ ಇಳಿಯುತ್ತಿದ್ದರು. ನಾನು ಅಂಗಳದ ತುದಿಯಲ್ಲಿ ಕೂತು ಅಕ್ಕಿ ಆರಿಸುತ್ತ ನೋಡುತ್ತಿದ್ದೆ. ನಗೆ ಬರುವುದು ನಿಂತು ಬಹಳ ದಿನವಾಗಿತ್ತು. ಒಳಗೊಳಗೇ ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎನ್ನುತ್ತಿದ್ದೆ.

ಕ್ರೀಡಾಕೂಟದ ಹಿಂದಿನ ದಿನ ಅಪ್ಪ ಅಳಿಯನ ಪ್ರತಾಪ ನೋಡಲು ರಾಯಚೂರಿಗೆ ಬಂದ. ಕೈಯಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಗಿ. ತುಪ್ಪವಿರಬೇಕೆಂದು ನಾನು ಕೇಳಲೂ ಇಲ್ಲ. ಬೆಳಿಗ್ಗೆ ನಾನು ಅವರ ಬಿಳಿ ಪ್ಯಾಂಟಿಗೆ ಇಸ್ತ್ರಿ ಮಾಡುತ್ತಿದ್ದಾಗ ಅಪ್ಪ ಹಿತ್ತಲಿನಲ್ಲಿ ಸೈಕಲ್ ಒರೆಸುತ್ತಿದ್ದ. ಪಾಪ, ಮುದುಕ ಅಳಿಯನಿಗೆ ಸೇವೆ ಮಾಡುತ್ತಿದ್ದಾನೆ ಎಂದುಕೊಂಡೆ.

ಮೈದಾನದಲ್ಲಿ ಜಿಲ್ಲೆಯ ಶಾಲೆಗಳೆಲ್ಲ ಸಾಲಾಗಿ ಕೂತಿದ್ದವು. ಸಾಹೇಬರು ಐದು ನಿಮಿಷದಲ್ಲಿ ಬರುತ್ತಾರೆ ಎಂದು ಮೈಕಿನಲ್ಲಿ ಕೂಗಿದರು. ಸಾಹೇಬರು ಬಂದ ಮೇಲೆ ಕಂಬ ತಬ್ಬಿ ಏರುವುದು ಶೋಭೆಯಲ್ಲವೆಂದು ನನ್ನ ಗಂಡ ಮೊದಲೇ ಗೋಲ್ ಕಂಬ ಹಿಡಿದು ಏರಿ ಸಿದ್ಧವಾಗಿ ಕೂತರು. ಸಾಹೇಬರ ಐದು ನಿಮಿಷ ಎಲ್ಲರಿಗೂ ಗೊತ್ತಿರುವಂಥದ್ದೇ. ಬಿಸಿಲು ನೆತ್ತಿಗೆ ಬಂತು. ಕಾರ್ತಿಕವಾದರೂ ನಮ್ಮ ರಾಯಚೂರಿನ ಬಿಸಿಲಿಗೆ ಪಂಚಾಂಗ ಓದಿ ಅಭ್ಯಾಸವಿಲ್ಲ. ಇಳಿದು ನೆರಳಿಗೆ ಬನ್ನಿ ಎಂದು ಕೈಸನ್ನೆ ಮಾಡಿದೆ. ಬೇಡ ಎಂದು ತಲೆಯಾಡಿಸಿ ಕಂಬ ತಬ್ಬಿಕೊಂಡೇ ಕೂತರು. ಹೀಗೆ ಒಂದು ಗಂಟೆಯ ಮೇಲಾಯಿತು.

ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಶಾಲೆಯ ಟೀಚರು ನನ್ನ ಕಿವಿಯಲ್ಲಿ ಹೇಳಿದರು.

"ಗೊತ್ತಾತೇನ್ರೀ? ಸಾಹೇಬ್ರಿಗೇ ಬದ್ಲಿ ಆಗೇದಂತ. ನಿನ್ನಿನ ಹೋದ್ರಂತ. ಈಗ ಬರೂರು ಹೊಸಬ್ರು, ಮೈಸೂರು ಕಡಿಯವರು."

ನಾಲ್ಕು ವರ್ಷ ಯಾರನ್ನೂ ಅಲುಗಾಡಿಸದಿದ್ದ ಪುಣ್ಯಾತ್ಮ ತಾನು ಮಾತ್ರ ಒಂದೇ ದಿನದಲ್ಲಿ ಅಲುಗಾಡಿ ಹೋಗಿದ್ದ. ಕಂಬ ತಬ್ಬಿ ಕೂತವರಿಗೆ ಹೇಳಬೇಕೆಂದು ಎದ್ದು ನಿಂತೆ. ಆ ಕ್ಷಣಕ್ಕೇ ಜೀಪು ಬಂತು, ಬ್ಯಾಂಡು ಮೊಳಗಿತು, ನನ್ನ ಗಂಡ ಕಂಬ ಬಿಟ್ಟು ಹೊರಟೇಬಿಟ್ಟರು.

ಎಷ್ಟು ಚಂದ ಹೊಡೆದರು! ಬೆನ್ನು ನೆಟ್ಟಗೆ, ಎರಡೂ ಕೈ ಅಗಲಿಸಿ, ಬಿಳಿ ಪ್ಯಾಂಟು ಬಿಸಿಲಿಗೆ ಹೊಳೆಯುತ್ತ ಇಡೀ ಮೈದಾನ ಒಂದು ಸುತ್ತು ಬಂದರು. ಮಕ್ಕಳೆಲ್ಲ ಹೋ ಎಂದು ಚಪ್ಪಾಳೆ ಹೊಡೆದರು. ಆ ಸುತ್ತಿಗೆ ಈಗ ಬೆಲೆಯೇ ಇಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಸುತ್ತು ಮುಗಿಯಿತು. ಅವರು ಇಳಿಯಲಿಲ್ಲ. ಇನ್ನೊಂದು ಸುತ್ತು ಹೊರಟರು. ಸಾಹೇಬರಿಗೆ ಹಾರ ಹಾಕಿದರು, ಸಾಹೇಬರು ಭಾಷಣಕ್ಕೆ ಎದ್ದರು, ಇವರು ಮತ್ತೊಂದು ಸುತ್ತು. ಚಪ್ಪಾಳೆಗೆ ಉಬ್ಬಿಹೋಗಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ನಮ್ಮ ಮುಂದೆ ಹಾಯುವಾಗ ಕೂಗಿದರು.

"ಏ, ಇಳ್ಯಾಕ ಆಗವಲ್ದು! ಸೀಟು ಅಂಟೇದ! ಹಾರಿದ್ರ ಪ್ಯಾಂಟು ಇಲ್ಲೇ ಉಳೀತದ!"

ನಾನು ತಿರುಗಿ ಅಪ್ಪನ ಮುಖ ನೋಡಿದೆ. ಅಪ್ಪ ಸಮಾಧಾನದಿಂದ ತಂಬಾಕು ತಿಕ್ಕುತ್ತಿದ್ದ.

"ಗಂಜಿ ಹಿಡದದ ಬಿಡವ್ವಾ. ಮುಂಜಾನಿ ಒಂದ್ ಕೈ ಬಳದೆ. ಹಸೀದಾಗ ಕುಂತ್ರು, ಬಿಸಲಿಗಿ ಒಣಗೇದ. ಏನ್ ಹಿಡದದ ನೋಡು!"

"ಯಪ್ಪಾ! ಬ್ಯಾಡ ಅಂದಿದ್ನೆಲ್ಲೋ!"

"ಅಷ್ಟ್ ದೊಡ್ಡ ಸಾಹೇಬ್ರ ಮುಂದ ಗಂಜಿ ಇಲ್ಲದ ಕಂಬಳಿ ಒಯ್ಯೂದೇನು? ನನಗ ಮಾನ ಮರ್ಯಾದಿ ಇಲ್ಲೇನು?"

ಅತ್ತ ಹೊಸ ಸಾಹೇಬರು ಭಾಷಣ ನಿಲ್ಲಿಸಿ, "ಯಾರ್ರೀ ಅದು? ಇಳಿಯೋಕೆ ಹೇಳಿ" ಎಂದರು. ಮೈಕಿನಲ್ಲಿ ಹೇಳಿದರು. ಮೈದಾನದ ನಡುವಿನಿಂದ ಉತ್ತರ ಬಂತು: "ಆಗೂದಿಲ್ರೀ ಸರ್!" ಮಕ್ಕಳು ನಕ್ಕರು. ಸಾಹೇಬರ ಮುಖ ಕೆಂಪಾಯಿತು. "ಏನ್ರೀ ಇದು, ಉದ್ಧಟತನ? ಯಾವ ಶಾಲೆ ಇವರದು? ಮೊದಲು ಸಸ್ಪೆಂಡ್ ಮಾಡಿ!" ಎಂದು ಮೈಕಿನಲ್ಲೇ ಗುಡುಗಿದರು. ರಾಯಚೂರಿಗೆ ಬರುವುದಿರಲಿ, ದೇವದುರ್ಗವೂ ಕೈತಪ್ಪುವ ಹಾಗಾಯಿತು.

ಓಟದ ಮಕ್ಕಳಿಗೆಂದು ಇಟ್ಟಿದ್ದ ನೀರಿನ ಬಿಂದಿಗೆ ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಮೈದಾನಕ್ಕೆ ಇಳಿದೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಜಿಲ್ಲೆಯ ಸಮಸ್ತ ಶಾಲೆಗಳ ಎದುರು, ನನ್ನದೇ ತರಗತಿಯ ಹುಡುಗಿಯರ ಎದುರು, ಬರುತ್ತಿದ್ದ ಗಂಡನ ಸೊಂಟವನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ತಬ್ಬಿ ನಿಲ್ಲಿಸಿದೆ. ಇನ್ನೊಂದು ಕೈಯಿಂದ ಸೀಟಿನ ಮೇಲೆ ನೀರು ಹೊಯ್ದೆ. ಹುಣಸೆಬೀಜದ ಗಂಜಿ ನೀರಿಗೆ ಬಿಡುತ್ತದೆ, ಆದರೆ ನೆನೆಯಲು ಹೊತ್ತು ಬೇಕು. ಅಲ್ಲಿಯವರೆಗೆ ನಾವು ಹಾಗೆಯೇ ನಿಂತಿರಬೇಕಾಯಿತು.

"ಸುತ್ತು ಪೂರಾ ಹಾಕೀನಲ್ಲ? ಸಾಹೇಬ್ರು ನೋಡಿದ್ರಿಲ್ಲೋ?" ಎಂದು ಮೆಲ್ಲಗೆ ಕೇಳಿದರು.

ಹೇಳದೆ ಇರಲಾಗಲಿಲ್ಲ. "ಅವರು ನಿಮ್ಮ ಸಾಹೇಬ್ರಲ್ರೀ. ನಿಮ್ಮ ಸಾಹೇಬ್ರಿಗಿ ನಿನ್ನೆ ಬದ್ಲಿ ಆತಂತ."

ಅವರ ಗಟ್ಟಿಯಾಗಿದ್ದ ಮೈ ಒಮ್ಮೆಲೇ ಸಡಿಲಾಗಿ ಭಾರವೆಲ್ಲ ನನ್ನ ಹೆಗಲ ಮೇಲೆ ಬಂತು. ಇಷ್ಟು ದೊಡ್ಡ ಗಂಡಸು ಅಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಅಷ್ಟರಲ್ಲಿ ಸಾಹೇಬರೇ ಹಿಂದೆ ನಾಲ್ಕು ಜನ ಗುಮಾಸ್ತರೊಂದಿಗೆ ಬಂದು ನಿಂತರು.

"ಯಾರಮ್ಮ ನೀವು? ಏನು ನಡೀತಿದೆ ಇಲ್ಲಿ?"

"ನಾನು ಇವರ ಹೇಣ್ತಿರೀ" ಎಂದೆ. ಕೈ ಬಿಡಲಿಲ್ಲ. "ನಾ ರಾಯಚೂರಾಗ, ಇವರು ದೇವದುರ್ಗದಾಗ. ನಾಲ್ಕು ವರ್ಷ ಆತ್ರೀ. ಒಂದ್ ಊರಿಗಿ ಹಾಕ್ರಿ ಅಂತ ಕೇಳಿ ಕೇಳಿ ಸಾಕಾತು. ಒಂದ್ ಗಾಲಿ ಸೈಕಲ್ ಹೊಡದು ತೋರ್ಸ್ರಿ ಅಂದ್ರು. ತೋರ್ಸ್ಯಾರ. ನೋಡೂರ ಓಡಿಹೋದ್ರ ಇವರೇನ್ ಮಾಡ್ಬೇಕ್ರೀ? ಸಸ್ಪೆಂಡ್ ಮಾಡ್ತೀರೇನು? ಮಾಡ್ರಿ! ಮನ್ಯಾಗರ ಇರ್ತಾರ!"

ಬಿಂದಿಗೆಯಲ್ಲಿ ಉಳಿದ ನೀರನ್ನೆಲ್ಲ ಒಮ್ಮೆಲೇ ಸುರಿದೆ. ಚರ್ರ್ ಎಂದು ಸದ್ದಾಯಿತು. ಸೀಟು ಬಿಟ್ಟಿತು. ಪ್ಯಾಂಟಿನ ಹಿಂಭಾಗದ ಒಂದು ತುಂಡು ಅಪ್ಪನ ಗಂಜಿಯ ಮರ್ಯಾದೆ ಕಾಯುತ್ತ ಅಲ್ಲೇ ಉಳಿಯಿತು. ನಾನು ಸೆರಗು ಬಿಚ್ಚಿ ಅವರ ಹಿಂದೆ ಅಡ್ಡ ಹಿಡಿದೆ.

ಸಾಹೇಬರು ಸೀಟು ನೋಡಿದರು, ನನ್ನನ್ನು ನೋಡಿದರು, ಬಾಯಿಗೆ ಕರವಸ್ತ್ರ ಹಿಡಿದು ಆ ಕಡೆ ತಿರುಗಿದರು. ಹೆಗಲು ಕುಲುಕುತ್ತಿದ್ದವು. ತಿರುಗಿದವರು ಗುಮಾಸ್ತರಿಗೆ ಹೇಳಿದ್ದು ಇಷ್ಟು: "ಇವರಿಬ್ಬರನ್ನ ಒಂದೇ ಊರಿಗೆ ಹಾಕ್ರೀ. ಇಲ್ಲದಿದ್ರೆ ಮುಂದಿನ ವರ್ಷ ಇನ್ನೇನು ತರ್ತಾರೋ."

ದೊಡ್ಡವರ ನ್ಯಾಯ ಹೀಗಿರುತ್ತದೆ. ಅರ್ಜಿಗೆ ಕರಗದ್ದು ಪ್ಯಾಂಟು ಹರಿದ ಮೇಲೆ ಕರಗಿತು. ಅಪ್ಪನಂತೂ ಸಾಯುವವರೆಗೂ ಅದು ಗಂಜಿಯಿಂದಲೇ ಆದದ್ದೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗಿದ. ಅದರಲ್ಲಿ ಸುಳ್ಳೇನೂ ಇಲ್ಲದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಆದೇಶ ಬರುವಷ್ಟರಲ್ಲಿ ಬೇಸಿಗೆ ರಜೆ ಮುಗಿದಿತ್ತು. ಒಂದು ಶನಿವಾರ ಅವರು ಟ್ರಂಕು, ಹಾಸಿಗೆ, ಆ ಹಾಳು ಸೈಕಲ್ಲು ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಂದರು. ಭಾನುವಾರ ಸಾಮಾನು ಎಲ್ಲಿಡಬೇಕೆಂದು ಇಡೀ ದಿನ ಜಗಳಾಡಿದೆವು. ರಾಜಿಯಾಗುವ ಅವಸರವೇನೂ ಇರಲಿಲ್ಲ, ಹಾಗಾಗಿ ಜಗಳವನ್ನು ಮುಗಿಸದೆಯೇ ಮಲಗಿದೆವು.

ಸೋಮವಾರ ಬೆಳಗಿನ ಜಾವ ಎದ್ದೆ. ರೊಟ್ಟಿ ಬಡಿದೆ, ಪುಂಡಿಪಲ್ಲೆ ಮಾಡಿದೆ, ಬಟ್ಟೆ ಹಾಸಿ ಬುತ್ತಿ ಕಟ್ಟಿದೆ, ಗಂಟು ಬಿಗಿದೆ. ಬಿಗಿದ ಮೇಲೆ ನೆನಪಾಯಿತು. ಬುತ್ತಿ ಹಿಡಿದುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಅವರು ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಮುಖ ತೊಳೆದು ಬಂದು ಒಲೆಯ ಪಕ್ಕ ಕೂತರು. ಕೈಚಾಚಿ ಬುತ್ತಿ ತೆಗೆದುಕೊಂಡು ಅಭ್ಯಾಸದಂತೆ ಗಂಟನ್ನು ಹಲ್ಲಿನ ಹತ್ತಿರ ಒಯ್ದರು.

"ಕೊಡ್ರಿ ಇಲ್ಲಿ" ಎಂದು ಕಿತ್ತುಕೊಂಡು ನಾನೇ ಬಿಚ್ಚಿದೆ. ನಿಜಕ್ಕೂ ಬಹಳ ಬಿಗಿಯಾಗಿತ್ತು.